ತನ್ನ ಜಾಗ ಖಾಲಿಯೆಂದು ತಾನೇ ಸಾರಿದ ಯಮನೂರಮ್ಮ

ಬೆಳಗಿನ ಐದೂವರೆ ಗಂಟೆ. ಎಳ್ಳಮಾವಾಸ್ಯೆ ಮುಗಿದು ವಾರವಾದರೂ ಮಸ್ಕಿಯ ಚಳಿ ಇಳಿದಿಲ್ಲ. ಅಗಸಿ ಬಾಗಿಲ ಹೊರಗೆ ಗ್ಯಾನಪ್ಪ ಒಂದು ಹಿಡಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಹಲಗೆ ಕಾಸುತ್ತಿದ್ದಾರೆ. ತೊಗಲು ಬಿಗಿದುಕೊಂಡಿತೇ ಎಂದು ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಪಕ್ಕದಲ್ಲಿ ಅವರ ಹೆಂಡತಿ ಯಮನೂರಮ್ಮ ಸೆರಗನ್ನು ಟೊಂಕಕ್ಕೆ ಸಿಗಿಸಿಕೊಂಡು ತುಟಿಯಲ್ಲೇ ಏನನ್ನೋ ಅಂದುಕೊಳ್ಳುತ್ತಿದ್ದಾರೆ. ನಿನ್ನೆ ಸಂಜೆ ಚಾವಡಿಯಲ್ಲಿ ಪಟ್ವಾರಿ ಮೂರು ಸಲ ಓದಿ ಹೇಳಿದ ಕಚೇರಿ ಚೀಟಿಯ ಮಾತು ಅದು. ಓದು ಬಾರದ ಯಮನೂರಮ್ಮ ಅದನ್ನು ಒಂದಕ್ಷರ ಉದುರದಂತೆ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದಾರೆ.

ಹಲಗೆ ಮೂರು ಸುತ್ತು ಮೊಳಗುತ್ತದೆ. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸುತ್ತಾರೆ. ಎತ್ತು ಹೊಡೆದುಕೊಂಡು ಹೊರಟವರು ಹಗ್ಗ ಹಿಡಿದು ನಿಲ್ಲುತ್ತಾರೆ. ಯಮನೂರಮ್ಮ ಒಂದು ಕೈಯನ್ನು ಕಿವಿಗೆ ಒತ್ತಿಕೊಂಡು ದನಿ ಎತ್ತುತ್ತಾರೆ.

"ಕೇಳ್ರಪೋ ಕೇಳ್ರಿ! ಇದು ಕಚೇರಿ ಮಾತು! ಮಸ್ಕಿ ಊರಿನ ಡಂಗುರ ಸಾರೋ ಕೆಲಸ ಖಾಲಿ ಐತಿ! ಬೇಕಾದವರು ಇವತ್ತಿನಿಂದ ಹದಿನೈದು ದಿನದೊಳಗ ಲಿಂಗಸುಗೂರು ತಹಸೀಲ ಕಚೇರಿಗೆ ಅರ್ಜಿ ಕೊಡಬೇಕ್ರಪೋ!"

ಆ ದನಿ ಅಗಸಿಯ ಕಲ್ಲಿಗೆ ತಾಗಿ, ಹಳ್ಳ ದಾಟಿ, ಆಚೆ ದಂಡೆಯ ಹೊಲಗಳವರೆಗೆ ಹೋಗುತ್ತದೆ. ಖಾಲಿಯಾಗಿದೆ ಎಂದು ಅವರು ಸಾರುತ್ತಿರುವ ಕೆಲಸ ಬೇರೆ ಯಾರದೂ ಅಲ್ಲ. ಅದು ಅವರದೇ. ನಾಲ್ಕು ವರ್ಷದಿಂದ ಆ ಕೆಲಸ ಮಾಡುತ್ತ ಬಂದವರು ಅವರು. ಅದರ ಜೊತೆ ಹೋಗಲಿರುವ ಎರಡೆಕರೆ ಹೊಲವೂ ಅವರು ಉಣ್ಣುತ್ತಿರುವ ಹೊಲವೇ. ಆದರೂ ದನಿಯಲ್ಲಿ ಒಂದು ಎಳೆ ಏರುಪೇರಿಲ್ಲ. ಕಳೆದುಹೋದ ಎಮ್ಮೆಯ ಸುದ್ದಿಯನ್ನು ಹೇಗೆ ಹೇಳುತ್ತಿದ್ದರೋ ಇದನ್ನೂ ಹಾಗೇ ಹೇಳುತ್ತಾರೆ.

"ಇನ್ನ ಯಾರರ ಒಬ್ಬರು ತಿರುಗಿ ಹೇಳ್ರಿ," ಎನ್ನುತ್ತಾರೆ.

ಇದು ಮಸ್ಕಿಯಲ್ಲಿ ಮಾತ್ರ ಕಾಣುವ ರೂಢಿ. ಸಾರಿದ ಮೇಲೆ ನೆರೆದವರಲ್ಲಿ ಒಬ್ಬರಿಂದ ಸುದ್ದಿಯನ್ನು ತಿರುಗಿ ಹೇಳಿಸದೆ ಯಮನೂರಮ್ಮ ಆ ಜಾಗದಿಂದ ಹೆಜ್ಜೆ ಕೀಳುವುದಿಲ್ಲ. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ ಸಾರುತ್ತಾರೆ. ಪರಊರಿನವರು ಇದನ್ನು ಕಂಡು ನಗುವುದುಂಟು. ಊರಿನವರಿಗೆ ಅಭ್ಯಾಸವಾಗಿದೆ; ಒಬ್ಬರಲ್ಲ ಒಬ್ಬರು ಬಾಯಿಪಾಠ ಒಪ್ಪಿಸಿದಂತೆ ಒಪ್ಪಿಸಿ ಕೊಡ ಎತ್ತಿಕೊಳ್ಳುತ್ತಾರೆ.

ಇವತ್ತು ಯಾರೂ ಬಾಯಿ ಬಿಡುತ್ತಿಲ್ಲ.

"ಯಾಕ, ಕೇಳಿಸ್ಲಿಲ್ಲೇನು?"

"ಕೇಳಿಸ್ತಬೇ," ಎಂದರು ಬಳೆಗಾರ್ತಿ ಮೆಹಬೂಬ್‌ಬೀ. ವಯಸ್ಸು ಎಪ್ಪತ್ತರ ಹತ್ತಿರ, ತಲೆಯ ಮೇಲೆ ಬಳೆಯ ಮಲಾರ. "ಕೇಳಿಸಿದ್ದಕ್ಕ ಹೇಳಾಂಗಿಲ್ಲ. ನನ್ನ ಬಾಯಿಂದ ಆ ಮಾತು ಬರಾಂಗಿಲ್ಲ."

"ನೀ ಹೇಳೋತನಕ ನಾ ಕದಲಾಂಗಿಲ್ಲ ನೋಡಕ್ಕಾ. ಇನ್ನೂ ಹತ್ತು ಕಡೆ ಹೋಗಬೇಕು."

"ನಿಲ್ಲು. ಹೊತ್ತು ಏರಲಿ. ನಿಂದರೋದು ನನಗೂ ಗೊತ್ತೈತಿ."

ಇಬ್ಬರೂ ನಿಂತರು. ಕಣಿಕೆಯ ಬೆಂಕಿ ಆರಿತು. ಮಲ್ಲಯ್ಯನ ಗುಡ್ಡದ ನೆತ್ತಿಗೆ ಬಿಸಿಲು ಬಂತು. ಕೊನೆಗೆ ಸೋತವರು ಮೆಹಬೂಬ್‌ಬೀಯೇ. "ಹೇಳ್ತೀನಿ ತಗೋ. ಮಸ್ಕಿ ಊರಿನ ಸಾರೋ ಕೆಲಸ ಖಾಲಿ ಐತಂತ. ಹದಿನೈದು ದಿನದೊಳಗ ಲಿಂಗಸುಗೂರಿಗೆ ಅರ್ಜಿ ಕೊಡಬೇಕಂತ. ಕೊಟ್ಟವರ ಕೈ ಸೇದಿ ಹೋಗ್ಲಂತ!"

"ಕಡೀ ಮಾತು ಚೀಟ್ಯಾಗ ಇಲ್ಲಕ್ಕಾ. ಅದನ್ನ ಬಿಟ್ಟು ಇನ್ನೊಮ್ಮೆ ಹೇಳು."

ಸುತ್ತ ನಿಂತವರು ನಕ್ಕರು. ನಗುತ್ತಲೇ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೆಹಬೂಬ್‌ಬೀ ಶಾಪವನ್ನು ಬಿಟ್ಟು ಇನ್ನೊಮ್ಮೆ ಹೇಳಿದರು. ಯಮನೂರಮ್ಮ ತಲೆಯಾಡಿಸಿ ಮುಂದಿನ ಓಣಿಗೆ ನಡೆದರು.

ಗ್ಯಾನಪ್ಪನವರ ಮನೆತನದಲ್ಲಿ ಇದು ನಾಲ್ಕನೇ ತಲೆಯ ಕೆಲಸ. ನಿಜಾಮರ ಆಳಿಕೆಯಲ್ಲಿ ಅವರ ತಂದೆ ಮೊದಲು ಉರ್ದುವಿನಲ್ಲಿ ಒಂದು ಸಾಲು ಕೂಗಿ ಆಮೇಲೆ ಕನ್ನಡಕ್ಕೆ ಇಳಿಯುತ್ತಿದ್ದರಂತೆ. ಕೆಲಸಕ್ಕೆ ಪ್ರತಿಯಾಗಿ ಊರ ತೆಂಕಣ ದಿಕ್ಕಿಗೆ ಎರಡೆಕರೆ ಎರೆಹೊಲ. ಸಾರುವವರು ಯಾರೋ ಹೊಲ ಅವರದು. ಊರವರು ಅದನ್ನು 'ಹಲಗಿ ಹೊಲ' ಎಂದೇ ಕರೆಯುತ್ತಾರೆ. ಕಚೇರಿಯ ಪುಸ್ತಕದಲ್ಲಿ ಕೆಲಸದ ಮುಂದೆ ಬರೆದಿರುವ ಹೆಸರು ಗ್ಯಾನಪ್ಪ.

ಯಮನೂರಮ್ಮ ಮೊದಲು ಬಾಯಿ ತೆರೆದದ್ದು ನಲವತ್ತೆಂಟರಲ್ಲಿ, ಪೋಲೀಸ್ ಆಕ್ಷನ್ ಮುಗಿದ ವಾರ. ಹೆದರಿ ಊರು ಬಿಟ್ಟು ಹೊಳೆಯಾಚೆಗೆ ಹೋದವರು, ಮನೆಯೊಳಗೆ ಅಗಳಿ ಹಾಕಿಕೊಂಡು ಕುಳಿತವರು, ಎಲ್ಲರಿಗೂ ದಾರಿ ತೆರವಾಗಿದೆ, ಹೊರಗೆ ಬರಬಹುದು ಎಂದು ಹಳ್ಳಿಹಳ್ಳಿಗೆ ಸಾರಬೇಕಿತ್ತು. ಮೂರನೇ ದಿನಕ್ಕೆ ಗ್ಯಾನಪ್ಪನವರ ಗಂಟಲು ಕಟ್ಟಿತು. "ಆವಾಗ ನಾ ಬಸುರಿ. ಇವರಿಗೆ ಊಟ ಒಯ್ದಿದ್ದೆ. ಬಡೀತಾರ, ಬಾಯಿ ತೆಗೀತಾರ, ದನಿ ಇಲ್ಲ. ಬಾಗಿಲ ಹಿಂದ ಮಂದಿ ನಿಂತಾರ, ಹೊರಗ ಬರವಲ್ಲರು. ನಾನ ಕೂಗಿದೆ. ಹೆಣ್ಣಿನ ದನಿ ಕೇಳಿ ಮೊದಲ ಹೆಣ್ಣುಮಕ್ಕಳು ಬಾಗಿಲು ತೆಗದ್ರು. ಆಮೇಲೆ ಗಂಡಸರು ಬಂದ್ರು," ಎನ್ನುತ್ತಾರೆ.

ಐವತ್ತೊಂದರ ಕೊನೆಗೆ ಗ್ಯಾನಪ್ಪನವರ ಗಂಟಲಲ್ಲಿ ಹುಣ್ಣಾಯಿತು. ಡಾಕ್ಟರು ಹುಣ್ಣು ತೆಗೆದರು, ದನಿಯೂ ಅದರ ಜೊತೆಗೇ ಹೋಯಿತು. ಈಗ ಅವರು ಮಾತಾಡಿದರೆ ಉಸಿರು ಮಾತ್ರ ಕೇಳುತ್ತದೆ. ಅದರ ಅರ್ಥ ತಿಳಿಯುವುದು ಹೆಂಡತಿಗೊಬ್ಬರಿಗೇ. ಅಂದಿನಿಂದ ಗಂಡ ಬಡಿಯುತ್ತಾರೆ, ಹೆಂಡತಿ ಸಾರುತ್ತಾರೆ. ಊರಿಗೆಲ್ಲ ಗೊತ್ತು, ಪಟ್ವಾರಿಗೂ ಗೊತ್ತು. ಹದಿನೇಳು ಮೈಲಿ ದೂರದ ಕಚೇರಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ಹೊಲ ಹೋಗುತ್ತದೆ ಎಂದು ಎಲ್ಲರೂ ಬಾಯಿ ಕಟ್ಟಿದ್ದರು.

ಊರೊಳಗೆ ನಿಲ್ಲುವ ಜಾಗ ಹನ್ನೊಂದು, ಹೊರಗೆ ಕಾಲುವೆ ಕೂಲಿಗಳ ಮೂರು ಕ್ಯಾಂಪು, ಪೂರ್ತಿ ಸುತ್ತಿದರೆ ಏಳು ಮೈಲಿ. ತಿಂಗಳಿಗೆ ಕಡಿಮೆಯೆಂದರೆ ಇಪ್ಪತ್ತು ಸಲ. ಇಬ್ಬರು ಹೆಣ್ಣುಮಕ್ಕಳನ್ನು ಎಬ್ಬಿಸಿ, ರೊಟ್ಟಿ ಬಡಿದು ಮುಚ್ಚಿಟ್ಟು, ಆಮೇಲೆ ಊರನ್ನು ಎಬ್ಬಿಸಲು ಹೊರಡುವ ಹೆಂಗಸು ಇವರು. ಸುತ್ತು ಮುಗಿಸಿ ಬಂದು ಹೊಲಕ್ಕೆ ಹೋಗುತ್ತಾರೆ. ದಣಿವಾಗುವುದಿಲ್ಲವೇ ಎಂದರೆ, "ಆಗತೈತಿ. ಆದ್ರ ಅದನ್ನ ಯಾರಿಗೆ ಸಾರ್ಲಿ?" ಎಂದು ನಗುತ್ತಾರೆ.

ಆ ಏಳು ಮೈಲಿಗಿಂತ ಬೆರಗು ಹುಟ್ಟಿಸುವುದು ಅವರು ಸುದ್ದಿಗೆ ಹಾಕಿಕೊಂಡಿರುವ ಕಟ್ಟಳೆ. ಪ್ರತಿ ಮಾತಿಗೂ ಅದು ಎಲ್ಲಿಯದು ಎಂದು ಮೊದಲೇ ಹೇಳುತ್ತಾರೆ: ಇದು ಕಚೇರಿ ಮಾತು, ಇದು ಊರ ಮಾತು, ಇದು ನಾ ಕಂಡ ಮಾತು. ಗ್ಯಾನಪ್ಪನವರ ಕೈಯಲ್ಲೂ ಮೂರು ಬಡಿತ ಇವೆ. ಕಚೇರಿಯದು ನಿಧಾನ, ನಡುನಡುವೆ ಬಿಡುವು. ಊರ ಸುದ್ದಿಗೆ ನಡಿಗೆಯ ಬಡಿತ. ಬೆಂಕಿಗೆ, ಹಳ್ಳ ಬಂದದ್ದಕ್ಕೆ ಬಿಡುವೇ ಇಲ್ಲದ ಗಾಬರಿ ಬಡಿತ. ಮಾತು ಕಿವಿಗೆ ಬೀಳುವ ಮೊದಲೇ ಮಂದಿಗೆ ನಿಂತು ಕೇಳಬೇಕೋ ಓಡಿ ಬರಬೇಕೋ ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ ಒಮ್ಮೆ ಎಡವಿದ್ದಾರೆ. ಅದನ್ನು ಬೇರೆ ಯಾರಾದರೂ ಹೇಳುವ ಮೊದಲು ಅವರೇ ಹೇಳುತ್ತಾರೆ. ಮೂರು ವರ್ಷದ ಹಿಂದೆ ಕಾಲುವೆ ಕಟ್ಟಲು ಕಲ್ಲು ಬೇಕೆಂದು ಊರ ಮೂಡಣ ಗುಡ್ಡದಲ್ಲಿ ಮದ್ದು ಹಾರಿಸುತ್ತಿದ್ದರು. ನಾಳೆ ಮಧ್ಯಾಹ್ನ ಗುಡ್ಡದ ಕಡೆ ಯಾರೂ ಹೋಗಬೇಡಿ ಎಂದು ಸಾರಲು ಚೀಟಿ ಬಂತು. ಚೀಟಿ ಬಂದದ್ದು ಕಚೇರಿಯಿಂದ, ಆದ್ದರಿಂದ ಕಚೇರಿ ಬಡಿತ. ಕುರುಬರ ಓಣಿಯಲ್ಲಿ ಕನಕರಾಯ ಎಂಬ ಕುರಿಗಾರ ಒಂದಕ್ಷರ ತಪ್ಪದೆ ತಿರುಗಿ ಹೇಳಿದ. ಮರುದಿನ ಮಧ್ಯಾಹ್ನ ಅದೇ ಕನಕರಾಯ ಕುರಿ ಹೊಡೆದುಕೊಂಡು ಅದೇ ಗುಡ್ಡದ ಬುಡಕ್ಕೆ ಹೋದ.

"ಕಚೇರಿ ನಾಳೆ ಅನ್ನೋದು ಯಾವತ್ತರ ನಾಳೆ ಆಗ್ಯಾದೇನ್ರೀ?" ಎನ್ನುತ್ತಾನೆ ಕನಕರಾಯ, ಈಗಲೂ ಕುಂಟುತ್ತಲೇ. "ಕಚೇರಿ ಬಡಿತ ಅಂದ್ರ ನಮಗ ಪಟ್ಟಿ, ಜನಗಣತಿ, ಓಟು. ಎಲ್ಲಾ ಆರು ತಿಂಗಳು ತಡ. ಮದ್ದೂ ಹಂಗ ಅಂದ್ಕೊಂಡೆ. ಕಲ್ಲು ಹೇಳಿದ ಹೊತ್ತಿಗೇ ಬಂತು ನೋಡ್ರಿ!"

ಮೊಣಕಾಲ ಕೆಳಗೆ ಎಲುಬು ಮುರಿಯಿತು, ನಾಲ್ಕು ಕುರಿ ಸತ್ತವು. ಅವನನ್ನು ಹೊರಸಿನ ಮೇಲೆ ಹೊತ್ತು ತಂದವರಲ್ಲಿ ಯಮನೂರಮ್ಮ ಒಬ್ಬರು. "ಅವನದಲ್ರೀ ತಪ್ಪು, ನಂದು. ಮಾತು ಎಲ್ಲಿಂದ ಬಂತು ಅಂತ ನೋಡಿ ಬಡಿಸಿದೆ. ಯಾರಿಗೆ ತಾಕತೈತಿ ಅಂತ ನೋಡಿ ಬಡಿಸಬೇಕಾಗಿತ್ತು." ಅಂದಿನಿಂದ ಕಚೇರಿಯ ಚೀಟಿ ಬಂದರೂ ಅದರಲ್ಲಿ ಜೀವದ ಮಾತಿದ್ದರೆ ಗಾಬರಿ ಬಡಿತವೇ.

ಇವತ್ತು ನಸುಕಿನಲ್ಲಿ ಗ್ಯಾನಪ್ಪ ಹೆಂಡತಿಯ ಕಿವಿಯ ಬಳಿ ಏನೋ ಉಸಿರಿದ್ದರು. ಗಾಬರಿ ಬಡಿತ ಬಡಿಯಲೇ ಎಂದು ಕೇಳಿದ್ದಂತೆ. ಹೆಂಡತಿಯ ಉತ್ತರ: "ಇದರಿಂದ ಯಾರ ಕಾಲು ಮುರೀತೈತಿ? ನಮ್ಮದಷ್ಟ. ಕಚೇರಿ ಬಡಿತ ಬಡಿ."

ಕೆಲಸ ಖಾಲಿಯಾದದ್ದು ಹೇಗೆ ಎಂಬುದಕ್ಕೆ ಕಾರ್ತಿಕ ಮಾಸದ ಕೊನೆಯ ಒಂದು ಸಭೆಗೆ ಹೋಗಬೇಕು.

ಹೈದರಾಬಾದಿನಲ್ಲಿ ಪತ್ರಿಕಾವಿದ್ಯೆ ಕಲಿಯುತ್ತಿರುವ ಹದಿನಾಲ್ಕು ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕರ ಜೊತೆ ಜಿಲ್ಲೆಗಳನ್ನು ಸುತ್ತುತ್ತ ಲಿಂಗಸುಗೂರಿಗೆ ಬಂದಿದ್ದರು. ಪತ್ರಿಕೆಯವರ ಭಾಷಣ ಕೇಳುವುದು, ಊರೂರಿನ ಸುದ್ದಿ ಕಳಿಸುವವರನ್ನು, ಪತ್ರಿಕೆ ಹಂಚುವವರನ್ನು ಪರಿಚಯ ಮಾಡಿಕೊಳ್ಳುವುದು, ಇದು ಅವರ ಕಾರ್ಯಕ್ರಮ. ಏರ್ಪಾಟು ಹೊತ್ತವರು ಲಿಂಗಸುಗೂರಿನ ಪತ್ರಿಕಾ ಏಜೆಂಟ್ ಶಿವಶರಣಪ್ಪ. ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಲೇ ಸುದ್ದಿ ಬರೆದು ಕಳಿಸುವ ಮನುಷ್ಯ. ಸುದ್ದಿಯ ಮಂದಿ ಎಂದರೆ ಡಂಗುರದವರೂ ಸೇರಬೇಕು ಎಂದು ಅವರಿಗೆ ಅನ್ನಿಸಿತು. ಕರೆದವರ ಪಟ್ಟಿಯನ್ನು ಕಚೇರಿಗೆ ಕೊಡಬೇಕಿತ್ತು. ಪುಸ್ತಕದಲ್ಲಿದ್ದ ಹೆಸರನ್ನೇ ಬರೆದರು: ಮಸ್ಕಿ, ಗ್ಯಾನಪ್ಪ.

"ಹೋಗೋದು ಬ್ಯಾಡ ಅಂದ್ರು ಇವರು," ಎಂದು ಯಮನೂರಮ್ಮ ನೆನೆಯುತ್ತಾರೆ. "ತಹಸೀಲ್ದಾರ ಸಾಹೇಬ್ರ ಅಧ್ಯಕ್ಷರು. ಅವರ ಮುಂದ ನಾ ಬಾಯಿ ತೆಗದ್ರ ಹೊಲ ಹೋಗತೈತಿ ಅಂತ ಇವರ ಅಂಜಿಕೆ. ಶಿವಶರಣಪ್ಪಣ್ಣ ಹೇಳಿದ, ಸಾಹೇಬ್ರು ದೀಪ ಹಚ್ಚಿ ಚಾ ಕುಡ್ದು ಹೋಗಿಬಿಡ್ತಾರ. ಇದ್ರೂ ಗ್ಯಾನಪ್ಪಗ ನೆಗಡಿ ಆಗೇತಿ, ಇವತ್ತೊಂದಿನ ಹೆಂಡ್ತಿ ಹೇಳ್ತಾಳ ಅಂದ್ರಾತು ಅಂತ. ಹೂಂ ಅಂದೆ."

ಶಾಲೆಯ ದೊಡ್ಡ ಕೋಣೆ. ಮೊದಲ ದಿನ ಹೈದರಾಬಾದಿನ ಸಂಪಾದಕರೊಬ್ಬರು ಎರಡು ಗಂಟೆ ಮಾತಾಡಿದರು. ಆಮೇಲೆ ಪರಿಚಯದ ಚಹಾ. ವಿದ್ಯಾರ್ಥಿಗಳು ನೋಟುಬುಕ್ಕು ಹಿಡಿದುಕೊಂಡು ಒಬ್ಬೊಬ್ಬರ ಬಳಿಗೂ ಹೋಗಿ ಹೆಸರು, ವಿಳಾಸ ಬರೆದುಕೊಳ್ಳುತ್ತಿದ್ದರು. ಗೋಡೆಗೆ ಒತ್ತಿ ನಿಂತಿದ್ದ ಯಮನೂರಮ್ಮನ ಬಳಿಗೂ ಒಬ್ಬ ಬಂದ. ವಿಳಾಸ ಎಂದರೆ ಏನು ಎಂದು ಅವನಿಂದಲೇ ಬಿಡಿಸಿ ಕೇಳಿ, "ಮಸ್ಕಿಗೆ ಬಂದು ಇಳಿಯಪ್ಪ. ಹಲಗಿ ಸಪ್ಪಳ ಯಾವ ಕಡಿ ಕೇಳಿಸ್ತೈತೋ ಆ ಕಡಿ ಬಾ," ಎಂದರು. ಅವನು ಅದನ್ನೇ ಬರೆದುಕೊಂಡ. ಗ್ಯಾನಪ್ಪನವರನ್ನು ಪ್ರಾಧ್ಯಾಪಕರು ಏನೋ ಕೇಳಿದರು. ಅವರು ಉಸಿರಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಎಲ್ಲರೂ ಯಮನೂರಮ್ಮನ ಮುಖ ನೋಡಿದರು. "ಇನ್ನೊಂದು ಕಪ್ ಚಾ ಸಿಗತೈತೇನು ಅಂತಾರ," ಎಂದರು ಅವರು.

ಮರುದಿನ ಅವರ ಸರದಿ. ಕುರ್ಚಿ ಕೊಟ್ಟರೆ ಕೂರಲಿಲ್ಲ. "ಕುಂತ್ರ ದನಿ ಬರಾಂಗಿಲ್ಲ" ಎಂದು ನಿಂತೇ ಇದ್ದರು. ಗ್ಯಾನಪ್ಪ ಮೂರು ಬಡಿತವನ್ನೂ ಬಡಿದು ತೋರಿಸಿದರು. ಗಾಬರಿ ಬಡಿತಕ್ಕೆ ಶಾಲೆಯ ಅಂಗಳದಲ್ಲಿದ್ದವರು ನಿಜವಾಗಿಯೂ ಓಡಿ ಬಂದರು. ಯಮನೂರಮ್ಮ ಕಚೇರಿ ಮಾತು, ಊರ ಮಾತು, ಕಂಡ ಮಾತು ಬೇರೆಬೇರೆ ಮಾಡಿ ತೋರಿಸಿದರು. ಕನಕರಾಯನ ಕಾಲಿನ ಕಥೆ ಹೇಳಿದರು. ತನ್ನ ತಪ್ಪನ್ನು ಅಷ್ಟು ಮಂದಿಯ ಮುಂದೆ ಅಷ್ಟು ಬಿಚ್ಚಿ ಹೇಳುವುದನ್ನು ಕೇಳಿ ಹಿಂದಿನ ದಿನ ಎರಡು ಗಂಟೆ ಮಾತಾಡಿದ್ದ ಸಂಪಾದಕರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಒಬ್ಬ ವಿದ್ಯಾರ್ಥಿ, ನಿಮ್ಮೂರಲ್ಲಿ ಎರಡು ಸಾವಿರ ವರ್ಷದ ಹಿಂದೆ ರಾಜನೊಬ್ಬ ಬಂಡೆಯ ಮೇಲೆ ಸುದ್ದಿ ಬರೆಸಿದ್ದಾನಲ್ಲ, ಅದರ ಬಗ್ಗೆ ಏನನ್ನುತ್ತೀರಿ ಎಂದ.

"ನೋಡೀನಿ. ದೊಡ್ಡ ರಾಜ ಇದ್ದನಂತ. ಬರದು ಹೋದ. ತಿರುಗಿ ಹೇಳಿಸ್ಲಿಲ್ಲ. ಅದಕ್ಕ ಇಷ್ಟು ವರ್ಷ ಯಾರಿಗೂ ಏನು ಬರದಾನ ಅಂತ ತಿಳೀಲಿಲ್ಲ."

ಕೋಣೆಯೇ ಬಿದ್ದುಹೋಗುವಂತೆ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತಹಸೀಲ್ದಾರರು. ಚಹಾ ಕುಡಿದು ಹೋಗುತ್ತಾರೆ ಎಂದುಕೊಂಡಿದ್ದವರು ಎರಡೂ ದಿನ ಕದಲದೆ ಕುಳಿತಿದ್ದರು. "ಇಪ್ಪತ್ತು ವರ್ಷದಾಗ ಒಬ್ಬ ಸಾಹೇಬರೂ ಸಭಾ ಮುಗಿಯೋತನಕ ಕುಂತಿಲ್ರೀ," ಎಂದು ಶಿವಶರಣಪ್ಪ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ಇವರೊಬ್ಬರು ಕುಂತ್ರು."

ಆಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದಳು. ಪ್ರಶ್ನೆ ಸಣ್ಣದು. ನೀವು ಎಷ್ಟು ವರ್ಷದಿಂದ ಸಾರುತ್ತಿದ್ದೀರಿ?

ಶಿವಶರಣಪ್ಪ ಬಾಗಿಲ ಬಳಿಯಿಂದ ಮೂಗು ಹಿಡಿದು ನೆಗಡಿಯ ಸನ್ನೆ ಮಾಡಿದರು. ಗ್ಯಾನಪ್ಪ ಹಲಗೆಯನ್ನು ಎದೆಗೆ ಒತ್ತಿಕೊಂಡರು. ಇವತ್ತೊಂದು ದಿನ ಎಂದಿದ್ದರೆ ಮುಗಿದಿತ್ತು. ಯಮನೂರಮ್ಮ ಆ ಹುಡುಗಿಯ ಕೈಯನ್ನು ನೋಡಿದರಂತೆ. "ಆ ಕೂಸು ಪೆನ್ನು ಹಿಡಕೊಂಡು ನಿಂತಿತ್ತು. ನಾ ಏನು ಹೇಳ್ತೀನೋ ಅದನ್ನ ಬರಕೋತೈತಿ. ಆಗಿಂದ ನಾನ ಹೇಳೀನಿ, ಕಾಣದ್ದನ್ನ ಕಂಡೀನಿ ಅನಬಾರ್ದು, ಕಂಡದ್ದನ್ನ ಮುಚ್ಚಬಾರ್ದು ಅಂತ. ಅದಾದ ಮ್ಯಾಲ ಹೆಂಗ ಸುಳ್ಳು ಬರಸ್ಲಿ?"

"ನಾಲ್ಕು ವರ್ಷಾತವ್ವ," ಎಂದರು.

ಚಪ್ಪಾಳೆ ತಟ್ಟಿದ ಕೈಗಳು ತೊಡೆಯ ಮೇಲೆ ಇಳಿದವು. ತಹಸೀಲ್ದಾರರು ಪಟ್ಟಿಯನ್ನು ನೋಡಿದರು, ಗ್ಯಾನಪ್ಪನವರನ್ನು ನೋಡಿದರು. ಸೋಮವಾರ ಇಬ್ಬರೂ ಕಚೇರಿಗೆ ಬನ್ನಿ ಎಂದರು.

ಸೋಮವಾರ ಅವರು ಗದರಲಿಲ್ಲ. ಅದೇ ಕಷ್ಟವಾಯಿತು ಎನ್ನುತ್ತಾರೆ ಯಮನೂರಮ್ಮ. "ನಾಲ್ಕು ವರ್ಷದಿಂದ ಇವರು ಸಾರುತ್ತಿಲ್ಲ ಎಂದು ನಾನು ಕಿವಿಯಾರೆ ಕೇಳಿದ್ದೇನಮ್ಮ. ಕೇಳಿಲ್ಲ ಎಂದು ಹೇಗೆ ಬರೆಯಲಿ?" ಎಂದರಂತೆ ಸಾಹೇಬರು. ಪುಸ್ತಕದಲ್ಲಿದ್ದ ಹೆಸರಿಗೆ ಗೆರೆ ಬಿತ್ತು. ಕೆಲಸ ಖಾಲಿಯಾಯಿತು. ಹೆಂಗಸು ಅರ್ಜಿ ಕೊಡಬಹುದೇ ಎಂದು ಗುಮಾಸ್ತರು ಕಾನೂನು ತಿರುವಿದರು. ಬೇಡ ಎಂದೂ ಬರೆದಿರಲಿಲ್ಲ, ಸರಿ ಎಂದೂ ಬರೆದಿರಲಿಲ್ಲ. ರಾಯಚೂರಿಗೆ ಕೇಳಿ ಕಾಗದ ಹೋಯಿತು. ಅಷ್ಟರಲ್ಲಿ ಖಾಲಿ ಜಾಗದ ಸುದ್ದಿಯನ್ನು ಊರಿಗೆ ಸಾರಿಸಬೇಕು, ಅದು ನಿಯಮ. ಸಾರಲು ಮಸ್ಕಿಯಲ್ಲಿ ಬೇರೆ ಯಾರಿದ್ದಾರೆ?

ಸಾಹೇಬರ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದರೆ ಯಮನೂರಮ್ಮ ಹೇಳುತ್ತಾರೆ:

"ಯಾಕ್ರೀ ಸಿಟ್ಟು? ಕೇಳಿದ್ದನ್ನ ಕೇಳಿಲ್ಲ ಅನಬಾರ್ದು ಅಂತ ನಾನ ಹೇಳಿ ಬಂದೀನಲ್ಲ. ಅವರರ ಅದನ್ನ ಕೇಳಿ ಹಂಗ ನಡಕೊಂಡ್ರು."

ಹೀಗೆ ಬಂದ ಬೆಳಗು ಇದು. ಅಗಸಿಯಾಯಿತು, ಗಾಣಿಗರ ಓಣಿಯಾಯಿತು, ಮಸೀದಿ ಮುಂದಾಯಿತು. ಎಲ್ಲೂ ಸುಲಭಕ್ಕೆ ತಿರುಗಿ ಹೇಳುವವರಿಲ್ಲ. ಗಾಣಿಗರ ಓಣಿಯಲ್ಲಿ ಬೇಕೆಂದೇ ತಪ್ಪು ಹೇಳಿದರು: ಮಸ್ಕಿಯಲ್ಲಿ ತಹಸೀಲ್ದಾರರ ಕೆಲಸ ಖಾಲಿ ಇದೆಯಂತೆ! ಯಮನೂರಮ್ಮ ನಗಲಿಲ್ಲ. ಮತ್ತೆ ಮೊದಲಿನಿಂದ ಸಾರಿದರು. ಹತ್ತನೇ ಜಾಗ ಬಸ್ಸು ನಿಲ್ಲುವ ಬೇವಿನ ಮರ. ಸಿಂಧನೂರಿನಿಂದ ಬರುವ ಬಸ್ಸಿಗೆ ಕಾದವರು ಹದಿನೈದು ಇಪ್ಪತ್ತು ಮಂದಿ.

ಸಾರಿ ಮುಗಿಸಿದಾಗ ಗುಂಪಿನಿಂದ ಒಬ್ಬ ಮುಂದೆ ಬಂದ. ಗುರುಗುಂಟಾದ ಲಾಲಪ್ಪ. ಮೂವತ್ತರ ಗಂಡಸು. ತುರ್ವಿಹಾಳದ ಕಡೆ ಕಾಲುವೆ ಅಗೆಯುವ ಕೂಲಿಗೆ ಹೋಗಿ ಬರುತ್ತಿದ್ದಾನೆ, ಬಗಲಲ್ಲಿ ಹೆಂಡತಿ, ಅವಳ ಸೊಂಟದಲ್ಲಿ ಮಗು.

"ಯವ್ವಾ, ನನಗೂ ಹಲಗಿ ಬಡಿಯಾಕ ಬರತೈತಿ. ನಮ್ಮಪ್ಪ ಬಡೀತಿದ್ದ. ಪರಊರಿನವರು ಅರ್ಜಿ ಹಾಕಬೌದೇನು?"

ಯಾರೋ ಅವನ ಅಂಗಿ ಹಿಡಿದು ಎಳೆದರು. ಯಮನೂರಮ್ಮ ಕೈಯೆತ್ತಿ ತಡೆದರು.

"ಹಾಕಬೌದಪ್ಪ. ಹಾಕಬಾರ್ದು ಅಂತ ಚೀಟ್ಯಾಗ ಇಲ್ಲ."

"ಪಗಾರ ಅಷ್ಟನೋ, ಹೊಲ ಗಿಲ ಏನರ ಬರತೈತೋ?"

ಚೀಟಿಯಲ್ಲಿ ಹೊಲದ ಮಾತು ಇರಲಿಲ್ಲ. ಹೇಳದೆ ಬಿಟ್ಟಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಯಮನೂರಮ್ಮ ಅವನ ಹೆಂಡತಿಯ ಸೊಂಟದಲ್ಲಿದ್ದ ಮಗುವನ್ನು ನೋಡಿ ಹೇಳಿದರು.

"ಚೀಟ್ಯಾಗ ಇಲ್ಲ. ಇದು ನಾ ಕಂಡ ಮಾತು. ಎರಡೆಕರೆ ಬರತೈತಿ. ಎರೆಭೂಮಿ. ಬಿಳಿಜೋಳ ತೆನಿ ಹಿಡದೈತಿ. ಈಶಾನ್ಯ ಮೂಲ್ಯಾಗ ಕಲ್ಲು ಭಾಳ ಅದಾವ, ಅಲ್ಲಿ ಕುಂಟಿ ಸಾವಕಾಶ ಹೊಡೀಬೇಕು. ಅರ್ಜಿ ಕೊಡೋದು ಎಡಗಡೆ ಎರಡ್ನೇ ಕೋಣ್ಯಾಗ. ಮಧ್ಯಾಹ್ನ ಹೋಗಬ್ಯಾಡ, ಗುಮಾಸ್ತ ಇರಾಂಗಿಲ್ಲ."

ಲಾಲಪ್ಪನಿಗೆ ಆಗ ಪಕ್ಕದವನು ಕಿವಿಯಲ್ಲಿ ಹೇಳಿದ. ಅವನ ಮುಖ ಕಪ್ಪಿಟ್ಟಿತು. "ತಪ್ಪಾತು ಯವ್ವಾ, ನಿಮ್ಮದು ಅಂತ ಗೊತ್ತಿದ್ದಿಲ್ಲ. ನಾ ಹಾಕಾಂಗಿಲ್ಲ."

"ಹಾಕು. ನಿನ್ನ ಕೂಸಿಗೂ ಹೊಟ್ಟಿ ಐತಿ. ಈಗ ತಿರುಗಿ ಹೇಳು, ಬಸ್ಸು ಬರತೈತಿ."

ಅವನು ತಲೆ ತಗ್ಗಿಸಿಕೊಂಡು ಹೇಳಿದ. ಒಂದಕ್ಷರ ತಪ್ಪಲಿಲ್ಲ. "ದನಿ ಚಲೋ ಐತಿ," ಎಂದು ಹೇಳಿ ಯಮನೂರಮ್ಮ ಕುರುಬರ ಓಣಿಯ ಕಡೆ ತಿರುಗಿದರು. ಗ್ಯಾನಪ್ಪ ಹಲಗೆಯನ್ನು ಹೆಗಲಿಗೇರಿಸಿಕೊಂಡು ಹಿಂಬಾಲಿಸಿದರು.

ಸುತ್ತು ಮುಗಿದು ಮನೆ ಸೇರಿದಾಗ ಕಟ್ಟೆಯ ಮೇಲೆ ಶಿವಶರಣಪ್ಪ ಕುಳಿತಿದ್ದರು. ಬೆಳಗಿನ ಬಸ್ಸಿಗೇ ಕಾಗದ, ಮಸಿ ತಂದಿದ್ದರು. ತಾನು ಮಾಡಿದ ಅನಾಹುತಕ್ಕೆ ತಾನೇ ಅರ್ಜಿ ಬರೆದುಕೊಡುತ್ತೇನೆ ಎಂಬುದು ಅವರ ಹಟ. ಯಮನೂರಮ್ಮ ಮಕ್ಕಳಿಗೆ ರೊಟ್ಟಿ ಮುರಿದು ಹಾಕುತ್ತ ಹೇಳುತ್ತಾ ಹೋದರು, ಅವರು ಬರೆಯುತ್ತಾ ಹೋದರು. ಹೆಸರು, ಊರು, ನಾಲ್ಕು ವರ್ಷದ ಕೆಲಸ.

"ಕನಕರಾಯನ ಕಾಲಿಂದೂ ಬರಿಯಣ್ಣ."

"ಹುಚ್ಚಿ ಏನವ್ವ ನೀ? ಅರ್ಜ್ಯಾಗ ಯಾರರ ತಮ್ಮ ತಪ್ಪು ಬರಸ್ತಾರೇನು?"

"ಓದಿದ ಮಂದಿ ಮುಂದ ಹೇಳೀನಿ. ಕಚೇರಿಗೆ ಮುಚ್ಚಿಟ್ರ ಆ ಹದಿನಾಲ್ಕು ಮಕ್ಕಳ ಮುಂದ ಸುಳ್ಳಾಗ್ತೀನಿ. ಬರಿ."

ಶಿವಶರಣಪ್ಪ ಬರೆದರು. ಯಮನೂರಮ್ಮ ಎಡಗೈ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಒತ್ತಿದರು.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಹದಿನೈದು ದಿನದಲ್ಲಿ ಹನ್ನೊಂದು ಕಳೆದಿವೆ. ಮಸ್ಕಿಯಿಂದ ಬೇರೆ ಯಾರೂ ಅರ್ಜಿ ಕೊಟ್ಟಿಲ್ಲ. ಗುರುಗುಂಟಾದ ಲಾಲಪ್ಪ ಕೊಟ್ಟಿದ್ದಾನೆ. ರಾಯಚೂರಿನಿಂದ ಉತ್ತರ ಬಂದಿಲ್ಲ. ಹೊಲದಲ್ಲಿ ತೆನೆ ಬಲಿಯುತ್ತಿದೆ. ಕೊಯ್ಯುವವರು ಯಾರು ಎಂದು ಗೊತ್ತಿಲ್ಲ. ಯಮನೂರಮ್ಮ ದಿನವೂ ಹೋಗಿ ಹಕ್ಕಿ ಓಡಿಸಿ ಬರುತ್ತಾರೆ. ಕೆಲಸ ನಿಮಗೇ ಸಿಗಲಿ ಎಂದು ಬೇಡಿಕೊಂಡಿದ್ದೀರಾ ಎಂದು ಕೇಳಿದರೆ, ಗಂಡನ ಮುಖ ನೋಡಿ ಹೇಳಿದರು:

"ಸಿಕ್ರ ಚಲೋ. ಬ್ಯಾಡ ಅನ್ನಾಕ ನಾ ಏನು ಶರಣಿ ಅಲ್ಲ. ಆದ್ರ ಯಾರಿಗೆ ಆತು ಅನ್ನೋದನ್ನೂ ಊರಿಗೆ ಸಾರಬೇಕಲ್ರೀ. ಅವತ್ತಿನ ಮಟ ಸಾರಾಕಿ ನಾನ. ಲಾಲಪ್ಪಂದು ಅಂತ ಚೀಟಿ ಬಂದ್ರ ಹನ್ನೊಂದೂ ಕಡೆ ನಿಂತು ಅವನ ಹೆಸರು ಹೇಳ್ತೀನಿ. ಅವತ್ತು ನನ್ನ ದನಿ ನಡುಗಬಾರ್ದು. ಅಷ್ಟ ನನ್ನ ಆಸೆ."